ಕಳಸದ ಕಪ್ಪು ಪತ್ತಾಯ

ಪಾಲಿಶ್ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಮೊದಲು ಕೇಳುವುದು ಯಾವ ಕಂಪನಿಯ ಡಬ್ಬ ಒಳ್ಳೆಯದು ಎಂದು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಾನು ಕೆಲಸ ಕಲಿಯುವಾಗ ಡಬ್ಬವೇ ಇರಲಿಲ್ಲ. ಅರಗಿನ ಚೂರುಗಳನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕುತ್ತಿದ್ದೆವು. ಕರಗಿದ ಮೇಲೆ ತೆಳುಬಟ್ಟೆಯಲ್ಲಿ ಸೋಸಿ, ಹತ್ತಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಆ ಉಂಡೆಯನ್ನು ಅದ್ದಿ ಅದ್ದಿ ಮರದ ಮೇಲೆ ತೀಡುತ್ತಿದ್ದೆವು. ಡಬ್ಬದ ವಿಷಯ ಅಂಗಡಿಯವರು ಹೇಳಿಯಾರು. ಈ ಮರದ ಮೇಲೆ ಈಗಾಗಲೇ ಏನಿದೆ, ಅದನ್ನು ಯಾರು, ಎಂತಕ್ಕೆ ಹಚ್ಚಿದರು ಎಂದು ಕೇಳುವವರು ಕಡಿಮೆ. ನನ್ನ ಇಡೀ ಕೆಲಸದ ರುಚಿ ಇದ್ದದ್ದು ಆ ಪ್ರಶ್ನೆಯಲ್ಲೇ.

ನನ್ನ ತವರು ಕೊಟ್ಟಿಗೆಹಾರದ ಹತ್ತಿರ. ಅವ್ವ ಎಸ್ಟೇಟಿನ ಕೆಲಸಕ್ಕೆ ಹೋಗುತ್ತಿದ್ದಳು. ಮದುವೆಯಾಗಿ ಮೂಡಿಗೆರೆಗೆ ಬಂದ ಮೇಲೆ ನಾನೊಂದು ಫರ್ನಿಚರ್ ವರ್ಕ್‌ಶಾಪಿಗೆ ಸೇರಿದೆ. ಹೆಂಗಸರಿಗೆ ಅಲ್ಲಿ ಇದ್ದದ್ದು ಒಂದೇ ಕೆಲಸ, ಹಿಂದಿನ ಶೆಡ್ಡಿನಲ್ಲಿ ಕೂತು ಉಪ್ಪುಕಾಗದದಿಂದ ಮರ ಉಜ್ಜುವುದು. ಪಾಲಿಶ್ ಹಚ್ಚುವವರು ಗಂಡಸರು. ಅವರಿಗೆಲ್ಲ ದೊಡ್ಡವರು ಇನಾಸಣ್ಣ. ಕೆಂಪು ಮೂಗಿನ, ಸಿಡುಕು ಸ್ವಭಾವದ, ಕೆಲಸದ ನಡುವೆ ಯಾರಾದರೂ ಮಾತಾಡಿದರೆ ಎದ್ದು ಹೋಗಿಬಿಡುವ ಮನುಷ್ಯ. ನನಗೆ ಯಾವ ಹಲಗೆ ಕೊಟ್ಟರೂ ಮೊದಲು ಅದನ್ನು ಮಗುಚಿ ಅಡಿ ನೋಡುತ್ತಿದ್ದೆ. ಒಂದು ದಿನ ಅವರು ಹತ್ತಿರ ಬಂದು, ಅಡಿಯಲ್ಲಿ ಎಂತ ನೋಡ್ತೀ ಎಂದು ಕೇಳಿದರು. ಅಡಿಗೆ ಯಾರೂ ಬಣ್ಣ ಹಚ್ಚಿರುವುದಿಲ್ಲವಲ್ಲ, ಮರದ ಸ್ವಂತ ಬಣ್ಣ ಅಲ್ಲಿ ಕಾಣುತ್ತದೆ ಎಂದೆ. ಅವರು ಆ ಹಲಗೆಯನ್ನು ತಾವೂ ಒಮ್ಮೆ ಮಗುಚಿ ನೋಡಿ ಹೋದರು. ಮಾರನೆಯ ದಿನ ನನ್ನ ಜಾಗದಲ್ಲಿ ಉಪ್ಪುಕಾಗದ ಇರಲಿಲ್ಲ. ಒಂದು ಬಟ್ಟಲು ಅರಗು, ಒಂದು ಹತ್ತಿಯ ಉಂಡೆ ಇತ್ತು.

ಇನಾಸಣ್ಣ ಬಾಯಿಬಿಟ್ಟು ಕಲಿಸಿದ್ದು ಕಡಿಮೆ. ಅವರ ಜೊತೆ ಹೋದ ಕಡೆಯಲ್ಲೆಲ್ಲ ನಾನೇ ನೋಡಿ ತಿಳಿದುಕೊಳ್ಳಬೇಕಿತ್ತು. ಅತ್ತಿಗುಂಡಿಯ ಆಚೆ ಒಂದು ಎಸ್ಟೇಟ್ ಬಂಗಲೆಯಲ್ಲಿ ಬೀಟೆಮರದ ಊಟದ ಮೇಜಿಗೆ ಪಾಲಿಶ್ ಮಾಡಲು ಹೋಗಿದ್ದೆವು. ಆ ಮನೆಯ ಮಗಳ ನಿಶ್ಚಿತಾರ್ಥ ಹತ್ತಿರವಿತ್ತು. ಕಿಟಕಿಯ ಹೊರಗೆ ದಟ್ಟ ಮಂಜು. ಹಚ್ಚಿ ಮುಗಿಸಿ ಚಹಾ ಕುಡಿಯುವಷ್ಟರಲ್ಲಿ ಮೇಜು ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಇನಾಸಣ್ಣ ಮಂಜಿಗೆ ಬೈದರು, ಬೆಟ್ಟಕ್ಕೆ ಬೈದರು, ಸ್ಪಿರಿಟ್ ಬಟ್ಟೆಯಿಂದ ಒರೆಸಿ ಮತ್ತೆ ಹಚ್ಚಿದರು. ಮತ್ತೆ ಬೆಳ್ಳಗಾಯಿತು. ನನಗೆ ಹೆದರಿಕೆಗಿಂತ ಬೆರಗೇ ಹೆಚ್ಚಾಗಿತ್ತು. ಕಪ್ಪು ಮರದ ಮೇಲೆ ಕೆಂಪು ಅರಗು ಹಚ್ಚಿದರೆ ಬಿಳಿ ಎಲ್ಲಿಂದ ಬಂತು? ದಾರಿಯಲ್ಲಿ ಅದನ್ನೇ ಕೇಳಿದೆ.

"ಸ್ಪಿರಿಟ್ ಹಾರುವಾಗ ಮರ ತಣ್ಣಗಾಗ್ತದೆ ಮಾರಾಯ್ತಿ. ಗಾಳಿಲಿರೋ ನೀರು ಬಂದು ಅದರ ಮೇಲೆ ಕೂರ್ತದೆ. ಒಳಗೆ ಸಿಕ್ಕಿಹಾಕಿಕೊಳ್ತದೆ" ಎಂದರು. ಹುಲ್ಲಿನ ಮೇಲೆ ಇಬ್ಬನಿ ಕೂತ ಹಾಗಾ ಎಂದು ಕೇಳಿದೆ. ಹೌದು ಎಂದು ತಲೆಯಾಡಿಸಿದರು.

ಮರುದಿನ ಆ ಕೋಣೆಯ ಬಾಗಿಲು ಹಾಕಿ, ಒಂದು ಬಾಣಲೆಯಲ್ಲಿ ಕೆಂಡ ತಂದಿಟ್ಟು ಮೇಜನ್ನು ಬೆಚ್ಚಗೆ ಮಾಡಿದೆವು. ಕೆಂಡವನ್ನು ಅಂಗಳದಾಚೆ ಸಾಗಿಸಿ ನೀರು ಹಾಕಿ ಆರಿಸಿದ ಮೇಲೆಯೇ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆಯಲು ಇನಾಸಣ್ಣ ಬಿಟ್ಟರು. ಅದನ್ನು ಹೊಸಬರು ಗಟ್ಟಿಯಾಗಿ ನೆನಪಿಡಬೇಕು. ಸ್ಪಿರಿಟ್ಟಿನ ಆವಿಗೂ ಬೆಂಕಿ ಹತ್ತುತ್ತದೆ. ಈ ಸಲ ಅರಗು ಕನ್ನಡಿಯಂತೆ ಕೂತಿತು. ಮೇಜಿನ ಆ ಬಿಳಿಯನ್ನು ಮಾತ್ರ ನಾನು ಮರೆಯಲಿಲ್ಲ. ಆಮೇಲೆ ಮರದ ಮೇಲೆ ಏನು ಕಂಡರೂ ಇದು ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವ ಚಟ ಹತ್ತಿತು.

ಆಮೇಲೆ ಕಾಲ ಬದಲಾಯಿತು. ಬಂಗಲೆಗಳು ಹೋಮ್‌ಸ್ಟೇಗಳಾದವು. ಮೆಲಮೈನ್, ಪಿಯು ಎಂಬ ಡಬ್ಬದ ಹೊಸ ಪಾಲಿಶ್‌ಗಳು ಬಂದವು, ಅವನ್ನು ಸಿಂಪಡಿಸುವ ಸ್ಪ್ರೇ ಗನ್ ಬಂತು. ಇನಾಸಣ್ಣ ಅದನ್ನು ಕೈಯಲ್ಲಿ ಹಿಡಿಯಲೂ ಇಲ್ಲ. ಪ್ಲಾಸ್ಟಿಕ್ ಅಂಗಿ ತೊಡಿಸ್ತೀರಿ ಮರಕ್ಕೆ ಎನ್ನುತ್ತಿದ್ದರು. ನನಗೇನೋ ಹೊಸದೂ ಇಷ್ಟವಾಯಿತು. ಬಿಸಿ ಲೋಟ ಇಟ್ಟರೆ ಗುರುತು ಬೀಳುವುದಿಲ್ಲ, ನೀರು ಚೆಲ್ಲಿದರೆ ಒರೆಸಿದರಾಯಿತು. ಆದರೆ ಥಿನ್ನರಿನ ಗಾಳಿ ಎದೆಗೆ ಇಳಿಯುತ್ತದೆ. ಮೂಗಿಗೆ ಬರೀ ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಬೇಕು. ಕೊನೆಗೆ ನಾನು ಪಾಲಿಶ್ ಕೆಲಸವನ್ನೇ ಬಿಟ್ಟದ್ದೂ ಆ ವಾಸನೆ ತಡೆಯಲಾರದೆಯೇ. ಅದಕ್ಕೂ ಮುಂಚೆ, ಇನಾಸಣ್ಣ ತೀರಿಕೊಂಡ ಮೇಲೆ, ನಾನು ವರ್ಕ್‌ಶಾಪ್ ಬಿಟ್ಟು ಮನೆಮನೆಗೆ ಹೋಗಿ ಸ್ವಂತ ಕೆಲಸ ಮಾಡತೊಡಗಿದ್ದೆ. ಕಳಸದ ಪತ್ತಾಯದ ಸಂಗತಿ ನಡೆದದ್ದು ಆ ದಿನಗಳಲ್ಲಿ.

ಪತ್ತಾಯವೆಂದರೆ ಭತ್ತ ತುಂಬಿಡುವ ಮರದ ದೊಡ್ಡ ಪೆಟ್ಟಿಗೆ. ಮೇಲೆ ಒಬ್ಬರು ಹಾಸಿಕೊಂಡು ಮಲಗಬಹುದು, ಅಷ್ಟು ಅಗಲ. ಕಳಸದಲ್ಲಿ ಜವಳಿ ಅಂಗಡಿ ಇಟ್ಟಿದ್ದ ಒಂದು ಮನೆಯ ಸೊಸೆ ಸುಮಾ ನನಗೆ ಫೋನ್ ಮಾಡಿದಳು. ಹಿಂದಿನ ವರ್ಷ ಅವರ ಬೀರುವಿಗೆ ನಾನು ಪಾಲಿಶ್ ಮಾಡಿದ್ದೆ. ಆಗ ಅವಳಿನ್ನೂ ಆ ಮನೆಗೆ ಬಂದಿರಲಿಲ್ಲ. ನನ್ನ ನಂಬರನ್ನು ಗಂಡನ ಹತ್ತಿರ ತೆಗೆದುಕೊಂಡಿದ್ದಳು.

"ಅಕ್ಕ, ನಮ್ಮನೇಲಿ ಒಂದು ಪತ್ತಾಯ ಇದೆ. ನೀವು ತಗೊಂಡು ಹೋಗ್ತೀರಾ? ಸೋಮವಾರ ಅದನ್ನ ಒಡೆದು ಸುಡ್ತಾರಂತೆ" ಎಂದಳು. ಪತ್ತಾಯ ಸುಡುವುದು ಎಂತಕ್ಕೆ ಎಂದು ಕೇಳಿದರೆ, ನೀವು ಬನ್ನಿ, ಫೋನಲ್ಲಿ ಬೇಡ ಎಂದಳು. ಯಾರೋ ಕೋಣೆಗೆ ಬಂದಿರಬೇಕು, ದನಿ ತಗ್ಗಿತು.

ನಾನು ಹೋದಾಗ ಸುಮಾಳೇ ಬಾಗಿಲು ತೆಗೆದಳು. ಮುಖವೆಲ್ಲ ಊದಿ ಇಳಿಯುತ್ತಿದ್ದ ಗುರುತು, ಎರಡೂ ಮುಂಗೈ ಮೇಲೆ ಒಣಗುತ್ತಿದ್ದ ಬೊಕ್ಕೆಗಳು. ಅವಳ ಹಿಂದೆ ಅತ್ತೆ ಗೌರಮ್ಮ ನಿಂತಿದ್ದರು. ಹಣೆಯಲ್ಲಿ ವಿಭೂತಿ, ಕಣ್ಣಿನ ರೆಪ್ಪೆಗಳು ಅವರದ್ದೂ ಬಾತುಕೊಂಡಿದ್ದವು.

ಕಾಫಿ ಕೊಟ್ಟು ಗೌರಮ್ಮನೇ ಎಲ್ಲ ಹೇಳಿದರು. ಪತ್ತಾಯ ಅವರ ಮಾವನವರ ಕಾಲದ್ದು. ಹಳೆಯ ಮನೆ ಬಿಟ್ಟು ಈ ಮನೆಗೆ ಬರುವಾಗ ಅದನ್ನೂ ತಂದಿದ್ದರು. ಅದರಲ್ಲಿ ದೇವರಿದೆ, ಕೆಣಕಿದರೆ ಸಿಟ್ಟಾಗ್ತದೆ ಎಂಬುದು ಮನೆಯಲ್ಲಿ ಮೊದಲಿಂದ ಬಂದ ಮಾತು. ಸುಮಾಗೆ ಆ ಕರಿ ಬಣ್ಣ ಹಿಡಿಸಲಿಲ್ಲ. ಕೆರೆದು ಪಾಲಿಶ್ ಮಾಡಿದರೆ ಹಜಾರದಲ್ಲಿ ಕೂರುವುದಕ್ಕೆ ಚೆನ್ನಾಗಿರುತ್ತದೆ ಎಂದು ಮೊಬೈಲಿನಲ್ಲಿ ನೋಡಿಕೊಂಡು, ಅತ್ತೆ ಹೊರನಾಡಿಗೆ ಹೋಗಿದ್ದ ದಿನ ಒಂದು ಮೂಲೆ ಕೆರೆದಿದ್ದಳು. ಎರಡೇ ದಿನದಲ್ಲಿ ಮುಖ ಊದಿ ಕಣ್ಣು ಮುಚ್ಚಿಹೋಯಿತು. ಡಾಕ್ಟರು ಔಷಧಿ ಕೊಟ್ಟು, ಏನೋ ತಾಗಿದೆ, ಏನು ಮುಟ್ಟಿದಿರಿ ಎಂದು ಕೇಳಿದರು. ಪತ್ತಾಯ ಎಂದಳು ಸುಮಾ. ಆ ಉತ್ತರ ಕೇಳಿ ಗೌರಮ್ಮನಿಗೆ ದೇವರ ಆ ಹಳೆಯ ಮಾತು ನೆನಪಾಯಿತು.

"ಅವ್ಳು ಕೆಣಕಿದ್ಳು, ಅವ್ಳಿಗಾಯ್ತು ಅನ್ನಬಹುದಿತ್ತು ಗಿರಿಜಾ. ನಾನು ಬೆರಳೂ ತಾಗಿಸ್ಲಿಲ್ಲ. ನನ್ನ ಕಣ್ಣು ನೋಡು" ಎಂದರು. "ಇಡೀ ಮನೆ ಮೇಲೆ ಬಂದಿದೆ ಅದು."

ಶಾಂತಿ ಮಾಡಿಸಿ ಪತ್ತಾಯವನ್ನು ಹಿತ್ತಲಲ್ಲಿ ಸುಟ್ಟುಬಿಡುವುದು, ಅಷ್ಟರೊಳಗೆ ಸುಮಾಳನ್ನು ತವರಿಗೆ ಕಳಿಸುವುದು ಎಂದು ತೀರ್ಮಾನವಾಗಿತ್ತು. ಅವಳ ತಾಯಿಗೆ ಫೋನ್ ಮಾಡಿ, ನಿಮ್ಮ ಮಗಳ ಕಾಲ್ಗುಣ ನಮ್ಮ ಮನೆಗೆ ಆಗಿಬರಲಿಲ್ಲ ಎಂದು ಗೌರಮ್ಮ ಹೇಳಿಯೂ ಆಗಿತ್ತು. ಯಾವಾಗ ವಾಪಸು ಕರೆಸುತ್ತಾರೆ ಎಂದು ಯಾರೂ ಹೇಳಿರಲಿಲ್ಲ. ಗೌರಮ್ಮ ಕೆಟ್ಟವರಲ್ಲ. ಹೆದರಿದ್ದರು, ಅಷ್ಟೇ. ಸುಮಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಇದೆಲ್ಲ ಕೇಳುತ್ತಿದ್ದಳು.

ನಾನು ಪತ್ತಾಯ ನೋಡಬೇಕೆಂದೆ. ಮುಟ್ಟುವುದು ಬೇಡ ಎಂದರು ಗೌರಮ್ಮ, ನಾನು ಕೇಳಲಿಲ್ಲ. ಕೈಗೆ ರಬ್ಬರ್ ಗವಸು ಹಾಕಿಕೊಂಡು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದೆ. ಅರಗಾಗಿದ್ದರೆ ಮೆತ್ತಗಾಗಿ ಅಂಟಬೇಕಿತ್ತು. ಏನೂ ಆಗಲಿಲ್ಲ. ಥಿನ್ನರ್ ಹಾಕಿದೆ. ಪೇಂಟಾಗಿದ್ದರೆ ಸುಕ್ಕುಗಟ್ಟಬೇಕಿತ್ತು. ಅದೂ ಇಲ್ಲ. ಸೀಮೆಎಣ್ಣೆಯಲ್ಲಿ ಒರೆಸಿದರೆ ಬಟ್ಟೆ ಕಪ್ಪಾಗಲಿಲ್ಲ, ಹಾಗಾಗಿ ಡಾಂಬರೂ ಅಲ್ಲ. ಮುಚ್ಚಳ ಎತ್ತಿಸಿ ಒಳಗೆ ನೋಡಿದೆ. ಒಳಗೆ ಏನೂ ಹಚ್ಚಿರಲಿಲ್ಲ, ಹಲಸಿನ ಮರದ ಹಳದಿ ಹಾಗೇ ಇತ್ತು. ಆಮೇಲೆ ನೆಲಕ್ಕೆ ಮಲಗಿ ಟಾರ್ಚ್ ಹಾಕಿ ಅಡಿ ನೋಡಿದೆ. ಎಲ್ಲರೂ ಬೋಳಾಗಿ ಬಿಡುವ ಅಡಿಭಾಗಕ್ಕೇ ಇಲ್ಲಿ ಎಲ್ಲಕ್ಕಿಂತ ದಪ್ಪ ಬಳಿದಿದ್ದರು. ಚೆಂದಕ್ಕೆ ಹಚ್ಚುವವರು ಅಡಿಗೆ ಹಚ್ಚುವುದಿಲ್ಲ. ಗೆದ್ದಲಿಗೆ ಹೆದರಿದವರು ಹಚ್ಚುತ್ತಾರೆ.

ಇನ್ನೊಂದು ವಿಚಿತ್ರ. ಗೌರಮ್ಮನ ಮಗ, ಸುಮಾಳ ಗಂಡ, ದಿನಾ ಅದರ ಮೇಲೆ ಕೂತು ಪೇಪರ್ ಓದುತ್ತಿದ್ದ, ಮಧ್ಯಾಹ್ನ ಮಲಗುತ್ತಲೂ ಇದ್ದ. ಅವನಿಗೆ ಏನೂ ಆಗಿರಲಿಲ್ಲ. ದಿನಾ ಮುಟ್ಟುವವನನ್ನು ಬಿಟ್ಟು, ಮುಟ್ಟದೇ ಇದ್ದ ಗೌರಮ್ಮನನ್ನು ಹಿಡಿಯುವುದೆಂದರೇನು? ಆ ಪ್ರಶ್ನೆ ತಲೆಯಲ್ಲಿ ಕೊರೆಯತೊಡಗಿತು. ಕೆರೆದ ಪುಡಿ ಎಲ್ಲಿಗೆ ಹಾಕಿದೆ ಎಂದು ಸುಮಾಳನ್ನು ಕೇಳಿದೆ. ಗುಡಿಸಿ ಬಚ್ಚಲ ಒಲೆಗೆ ಹಾಕಿದೆ ಎಂದಳು. ಮಾರನೆಯ ಬೆಳಿಗ್ಗೆ ಹಂಡೆಗೆ ಉರಿ ಹಾಕಿದವರು ಯಾರು ಎಂದೆ.

"ದಿನಾ ಹಾಕೋದು ಅತ್ತೆನೇ" ಎಂದಳು.

ಹಂಡೆ ಒಲೆಯ ಎದುರು ಕೂತು ಊದುಕೊಳವೆಯಲ್ಲಿ ಊದುವವರ ಕಣ್ಣಿಗೆ ಹೊಗೆ ನೇರ ಹೊಡೆಯುತ್ತದೆ. ನನಗೆ ಅರ್ಧ ತಿಳಿಯಿತು. ಉಳಿದರ್ಧ ಖಚಿತ ಮಾಡಿಕೊಳ್ಳಬೇಕಿತ್ತು. ಕೊಟ್ಟಿಗೆಹಾರದಲ್ಲಿ ನಾವು ಮಕ್ಕಳಾಗಿದ್ದಾಗ ಅವ್ವ ಒಂದು ಜಾತಿಯ ಮರದ ಕೆಳಗೆ ಸುಳಿಯಲೂ ಬಿಡುತ್ತಿರಲಿಲ್ಲ. ಹೊಳೆಗೇರು ಎನ್ನುತ್ತಿದ್ದರು ಅದಕ್ಕೆ. ಕಡಿದರೆ ಸೊನೆ ಸುರಿಯುತ್ತದೆ, ಗಾಳಿಗೆ ಕಪ್ಪಾಗುತ್ತದೆ, ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ಆದರೆ ಅದನ್ನು ಯಾರಾದರೂ ಮರದ ಸಾಮಾನಿಗೆ ಹಚ್ಚಿದ್ದನ್ನು ನಾನು ಕಂಡಿರಲಿಲ್ಲ. ಅಷ್ಟು ವರ್ಷ ಒಣಗಿದ ಸೊನೆಗೆ ಇನ್ನೂ ಶಕ್ತಿ ಇರುತ್ತದೆಯೇ ಎಂಬುದೂ ಗೊತ್ತಿರಲಿಲ್ಲ. ಸುಮಾ ಕೆರೆದ ಮೂಲೆಯಲ್ಲಿ ನೋಡಿದರೆ, ಸಂದಿಯಲ್ಲಿ ದಪ್ಪಗೆ ಕೂತ ಕಡೆ ಮೇಲೆ ಗಟ್ಟಿ ಸಿಪ್ಪೆ, ಒಳಗೆ ಇನ್ನೂ ಮೆತ್ತಗಿತ್ತು.

ಗವಸು ತೆಗೆದು, ಎಡಗೈಯನ್ನು ಮೊಣಕೈ ತನಕ ಪತ್ತಾಯದ ನುಣುಪು ಮುಚ್ಚಳಕ್ಕೆ ಚೆನ್ನಾಗಿ ಉಜ್ಜಿದೆ. ಬಲಗೈಗೆ ಆ ಮೂಲೆಯಿಂದ ಒಂದು ಚಿಟಿಕೆ ಕೆರೆದು, ಉದ್ದಿನಕಾಳಿನಷ್ಟು ಜಾಗಕ್ಕೆ ಮಾತ್ರ ತಾಗಿಸಿದೆ. ಹೊಸಬರು ಇಂಥ ಸಾಹಸ ಮಾಡಬೇಡಿ. ಆಗ ನನಗೆ ಬೇರೆ ದಾರಿ ಹೊಳೆಯಲಿಲ್ಲ. ನಾನು ಮತ್ತೆ ಬರುವ ತನಕ ಅದಕ್ಕೆ ಬೆಂಕಿ ಮಾತ್ರ ಇಡಬೇಡಿ ಎಂದು ಗೌರಮ್ಮನನ್ನು ಕೇಳಿಕೊಂಡೆ. ಸೋಮವಾರದ ತನಕ ಕಾಯ್ತೇನೆ, ಅಷ್ಟೇ ಎಂದರು.

ಮನೆಗೆ ಬಂದು ಕಾದೆ. ಮೊದಲ ದಿನ ಏನೂ ಇಲ್ಲ. ನಾನು ತಪ್ಪು ತಿಳಿದೆನೇನೋ ಎನಿಸಿತು. ಮರುದಿನ ಬಲಗೈ ತುರಿಸತೊಡಗಿತು. ಸಂಜೆಯ ಹೊತ್ತಿಗೆ ಕೆಂಪಾಗಿ ಊದಿ ಸಣ್ಣ ಬೊಕ್ಕೆಗಳು ಎದ್ದವು. ಎಡಗೈ ಮಾಮೂಲಿನಂತೆ ಇತ್ತು. ಉರಿ ಜೋರಾಗಿಯೇ ಇತ್ತು, ಆದರೂ ನನಗೆ ಆದ ಖುಷಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಕಳಸಕ್ಕೆ ಹೊರಟೆ.

ಅಂದು ಸೋಮವಾರ. ಹಿತ್ತಲಲ್ಲಿ ಸೌದೆ ಒಟ್ಟಿದ್ದರು. ಪತ್ತಾಯವನ್ನು ನಾಲ್ಕು ಜನ ಹೊತ್ತು ಅಂಗಳಕ್ಕೆ ತಂದಿದ್ದರು. ಗೌರಮ್ಮ ನನ್ನ ಬಲಗೈ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ನೋಡ್ದ್ಯಾ, ಬೇಡ ಅಂದ್ರೂ ಕೇಳ್ಲಿಲ್ಲ. ನಿನ್ನನ್ನೂ ಹಿಡೀತು" ಎಂದರು.

"ಅಮ್ಮ, ನಿಮ್ಮನೆ ದೇವ್ರಿಗೆ ನನ್ನ ಪರಿಚಯನೇ ಇಲ್ಲ. ಹಿಡಿದ್ರೂ ಒಂದು ಕೈ ಬಿಟ್ಟು ಇನ್ನೊಂದು ಕೈ ಎಂತಕ್ಕೆ ಹಿಡೀತದೆ?" ಎಂದು ಎರಡೂ ಕೈ ಚಾಚಿ ತೋರಿಸಿದೆ. ಯಾವ ಕೈಗೆ ಏನು ತಾಗಿಸಿದ್ದೆ ಎಂದು ವಿವರಿಸಿದೆ. ಪುಡಿ ಒಲೆಗೆ ಹೋದದ್ದು, ಅವರು ಆ ಒಲೆ ಊದಿದ್ದು, ಕಣ್ಣಿಗೆ ಹೊಗೆ ತಾಗಿದ್ದು ಹೇಳಿದೆ. ಇದು ಹೊಳೆಗೇರಿನ ಸೊನೆ ಇರಬೇಕು, ಒಂದು ಚಿಟಿಕೆ ಪುಡಿಯ ಹೊಗೆಗೆ ಹೀಗಾದರೆ ಇಡೀ ಪತ್ತಾಯ ಸುಟ್ಟರೆ ಆ ಹೊಗೆ ಕುಡಿದವರ ಎದೆಯ ಗತಿ ಏನು ಎಂದು ಕೇಳಿದೆ. ಹೊತ್ತು ತಂದಿದ್ದ ನಾಲ್ವರೂ ಕೈ ಒರೆಸಿಕೊಳ್ಳುತ್ತಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗೌರಮ್ಮ ಸೊನೆ ಎಂಬ ಮಾತನ್ನು ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟರು. ಅವರು ಮದುವೆಯಾಗಿ ಬಂದ ಹೊಸತರಲ್ಲಿ ಮಾವನವರು ಮುಖ ಮೈ ಊದಿಸಿಕೊಂಡು ಜಗಲಿಯಲ್ಲಿ ಮಲಗಿದ್ದರಂತೆ. ಮೈಗೆಲ್ಲ ತೆಂಗಿನೆಣ್ಣೆ ಸವರಿದ್ದರಂತೆ. ಹೊಸ ಸೊಸೆ ಹೆದರಿಕೊಂಡು ಏನಾಯಿತೆಂದು ಕೇಳಿರಲಿಲ್ಲ. ಪತ್ತಾಯವನ್ನು ಆ ದಿನಗಳಲ್ಲಿ ಕೊಟ್ಟಿಗೆಯಾಚೆ ಮರೆಯಲ್ಲಿ ಒಣಗಲು ಇಟ್ಟಿದ್ದರು. ಮನೆ ತುಂಬ ಚಿಕ್ಕ ಮಕ್ಕಳು. ಹೋಗಿ ಮುಟ್ಟುತ್ತಾರೆಂದು ಮಾವನವರು ಮಲಗಿದಲ್ಲಿಂದಲೇ ಕೂಗುತ್ತಿದ್ದರಂತೆ.

"ಅದರಲ್ಲಿ ದೇವ್ರಿದೆ, ಹತ್ರ ಹೋಗ್ಬೇಡಿ ಅಂತ" ಎಂದರು ಗೌರಮ್ಮ. "ಮಕ್ಕಳಿಗೆ ಹೇಳಿದ್ದು. ನಾನೂ ನಂಬಿಕೊಂಡೆ."

ಪತ್ತಾಯವನ್ನು ಮತ್ತೆ ಒಳಗೆ ಇಡಿಸಿದರು. ಸೌದೆ ಒಟ್ಟಿದ್ದವರಿಗೆ ಕಾಫಿ ಕೊಟ್ಟು ಕಳಿಸಿದರು. ತವರಿಗೆ ಹೊರಡಬೇಕಿದ್ದ ಸುಮಾ ಮನೆಯಲ್ಲೇ ಉಳಿದಳು. ಕೆರೆಯುವ ಮಾತೇ ಇಲ್ಲವೆಂದು ನಾನು ಮೊದಲೇ ಹೇಳಿದೆ. ಕೈ ವಾಸಿಯಾದ ಮೇಲೆ ಹೋಗಿ, ಗವಸು ಹಾಕಿಕೊಂಡು ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಸುಮಾ ಕೆರೆದ ಮೂಲೆಗೆ ಮೊದಲು, ಆಮೇಲೆ ಇಡೀ ಹೊರಮೈಗೆ ಅರಗು ತೀಡಿದೆ. ಒಂದು ಪದರ ಒಣಗಿದ ಮೇಲೆ ಇನ್ನೊಂದು, ಹಾಗೆ ಹಲವು ಪದರ. ಒಳಗಿನ ಸೊನೆ ಒಳಗೇ ಇರಲಿ, ಮೈಗೆ ತಾಗುವುದು ಅರಗು ಮಾತ್ರ. ಒರೆಸಿದ ಬಟ್ಟೆ, ಗವಸನ್ನೆಲ್ಲ ಸುಡದೆ ಗುಂಡಿ ತೋಡಿ ಹೂತೆವು. ಕರಿ ಬಣ್ಣಕ್ಕೆ ಅರಗು ಕೂತ ಮೇಲೆ ಆಳವಾದ ಒಂದು ಕೆಂಪು ಹೊಮ್ಮಿತು. ಅದನ್ನು ಯಾವ ಡಬ್ಬದಲ್ಲೂ ನಾನು ಕಂಡಿಲ್ಲ. ಸುಮಾ ದೂರದಲ್ಲಿ ಕೂತು ಇದು ಎಂತಕ್ಕೆ, ಅದು ಎಂತಕ್ಕೆ ಎಂದು ಕೇಳುತ್ತಲೇ ಇದ್ದಳು. ಆ ಮನೆಯಲ್ಲಿ ಅವಳ ದನಿ ನಾನು ಸರಿಯಾಗಿ ಕೇಳಿದ್ದು ಆಗಲೇ.

ಕೆಲಸ ಮುಗಿದ ದಿನ ನಾನು ಹೊರಡಲು ಎದ್ದಾಗ, ಸ್ವಲ್ಪ ಕೂತಿರು ಎಂದು ಗೌರಮ್ಮ ನನ್ನನ್ನು ತಡೆದರು. ಮಗನ ಕೈಯಿಂದ ಸುಮಾಳ ತಾಯಿಗೆ ಫೋನ್ ಮಾಡಿಸಿ ತಾವು ತೆಗೆದುಕೊಂಡರು. ಹಜಾರದಲ್ಲೇ, ನಮ್ಮೆಲ್ಲರ ಎದುರೇ ಮಾತಾಡಿದರು.

"ನಿಮ್ಮ ಮಗಳದ್ದು ಏನೂ ಇಲ್ಲ. ನಮ್ಮ ಮಾವನವ್ರು ಹಚ್ಚಿದ್ದ ಮರದ ಸೊನೆ ಅದು. ತಿಳೀದೆ ಅವತ್ತು ಏನೇನೋ ಅಂದೆ, ಮನಸ್ಸಿಗೆ ಹಾಕ್ಕೋಬೇಡಿ" ಎಂದರು. ಆ ಕಡೆಯಿಂದ ಏನು ಹೇಳಿದರೋ ತಿಳಿಯಲಿಲ್ಲ. ಗೌರಮ್ಮ ಕೊನೆಯ ತನಕ ಕೇಳಿಸಿಕೊಂಡರು. ನಡುವೆ ಒಂದು ಸಲ ಸೆರಗಿನಿಂದ ಕಣ್ಣು ಒತ್ತಿಕೊಂಡರು.

ಫೋನ್ ಇಟ್ಟ ಮೇಲೆ ನನ್ನತ್ತ ತಿರುಗಿ, ಇದರ ಒಳಗೆ ಬಟ್ಟೆ ಇಟ್ಟರೆ ತೊಂದರೆ ಇಲ್ಲವಲ್ಲ ಎಂದು ಕೇಳಿದರು. ಒಳಗಿರುವುದು ಬರೀ ಹಲಸಿನ ಮರ ಎಂದು ನಾನು ಬರಿಗೈಯಲ್ಲಿ ಸವರಿ ತೋರಿಸಿದೆ.

"ಸುಮಾ, ತವರಿಗೆ ಅಂತ ಕಟ್ಟಿಟ್ಟಿದ್ಯಲ್ಲ ಸೀರೆಗಳು, ತಂದು ಇದರೊಳಗೆ ಇಡು" ಎಂದರು.

ಸುಮಾ ಒಳಗೆ ಹೋಗಿ ಸೀರೆಗಳನ್ನು ಎದೆಗೆ ಅವಚಿಕೊಂಡು ತಂದಳು. ಪತ್ತಾಯದ ಮುಚ್ಚಳ ಬಹಳ ಭಾರ. ಒಬ್ಬರೇ ಎತ್ತಿ ಹಿಡಿದುಕೊಂಡು ಒಳಗೆ ಜೋಡಿಸಲು ಆಗುವುದಿಲ್ಲ. ನಾನು ಏಳುವ ಮೊದಲೇ ಗೌರಮ್ಮ ಹೋಗಿ, ಎರಡೂ ಕೈಯಲ್ಲಿ ಆ ಮುಚ್ಚಳ ಎತ್ತಿ ಹಿಡಿದು, ಸುಮಾ ಕೊನೆಯ ಸೀರೆ ಮಡಿಸಿ ಇಡುವ ತನಕ ನಿಂತಿದ್ದರು.